ಗಂಟೆ ಬಾಡಿಗೆಯೋ, ಸ್ವಂತ ಡೋಜೋವೋ, ಫ್ರಾಂಚೈಸಿಯೋ? ಮಾರ್ಷಲ್ ಆರ್ಟ್ಸ್ ಸ್ಟುಡಿಯೋ ತೆರೆಯುವವರಿಗೆ ಒಂದು ಹೋಲಿಕೆ

ಕರಾಟೆಯೋ ಜೂಡೊವೋ ಟೇಕ್ವಾಂಡೊವೋ ಜಿಯು ಜಿತ್ಸುವೋ, ಯಾವುದಾದರೂ ಇರಲಿ. ಹತ್ತಾರು ವರ್ಷ ಬೆವರು ಸುರಿಸಿ ಕಲಿತವರಿಗೆ ಒಂದಲ್ಲ ಒಂದು ದಿನ ನಮ್ಮದೇ ಡೋಜೋ, ಅಂದರೆ ಅಭ್ಯಾಸದ ಸ್ಟುಡಿಯೋ, ಮಾಡಬೇಕು ಅನ್ನಿಸಿಯೇ ಅನ್ನಿಸುತ್ತದೆ. ಅದಕ್ಕೆ ದಾರಿ ನಾಲ್ಕಿವೆ. ಯಾರದ್ದೋ ಹಾಲ್‌ನಲ್ಲಿ ಗಂಟೆ ಲೆಕ್ಕದಲ್ಲಿ ಕ್ಲಾಸ್ ನಡೆಸಬಹುದು, ಜಾಗ ಬಾಡಿಗೆಗೆ ಹಿಡಿದು ಸ್ವಂತ ಬೋರ್ಡು ಹಾಕಬಹುದು, ದೊಡ್ಡ ಬ್ರಾಂಡಿನ ಫ್ರಾಂಚೈಸಿ ತೆಗೆದುಕೊಳ್ಳಬಹುದು, ಇಲ್ಲಾ ನಡೆಯುತ್ತಿರುವ ಸ್ಟುಡಿಯೋವನ್ನೇ ಕೊಂಡುಕೊಳ್ಳಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಈಗಾಗಲೇ ಮೂವತ್ತು ನಲವತ್ತು ವಿದ್ಯಾರ್ಥಿಗಳು ಇಲ್ಲದಿದ್ದರೆ ಗಂಟೆ ಬಾಡಿಗೆಯಿಂದಲೇ ಶುರು ಮಾಡಿ. ಇದ್ದರೆ ಸ್ವಂತ ಜಾಗ, ಅಂದರೆ ನೀವೊಬ್ಬರೇ ಬಾಡಿಗೆಗೆ ಹಿಡಿಯುವ ಜಾಗ, ನೋಡಿ. ಕಲಿಸುವುದು ಇಷ್ಟ, ಆದರೆ ಫೀಸು ಕೇಳುವುದು, ಜಾಹೀರಾತು, ಲೆಕ್ಕಪತ್ರ ಅಂದರೆ ತಲೆನೋವು ಅನ್ನುವವರು ಮಾತ್ರ ಫ್ರಾಂಚೈಸಿ ಯೋಚಿಸಿ. ಕೊಂಡುಕೊಳ್ಳುವುದು ಒಳ್ಳೆಯ ದಾರಿಯೇ, ಆದರೆ ಅಲ್ಲಿ ಮೋಸ ಹೋಗುವ ಜಾಗಗಳೂ ಜಾಸ್ತಿ.

ಮೊದಲು ತಲೆ ಲೆಕ್ಕ

ಈ ನಾಲ್ಕನ್ನೂ ಹೋಲಿಸುವುದಕ್ಕೆ ಒಂದೇ ಅಳತೆಗೋಲು ಬೇಕು. ದುಡ್ಡಿನಲ್ಲಿ ಅಳೆದರೆ ಗೊಂದಲವಾಗುತ್ತದೆ, ತಲೆಯಲ್ಲಿ ಅಳೆಯಿರಿ. ಒಬ್ಬ ವಿದ್ಯಾರ್ಥಿ ತಿಂಗಳಿಗೆ ಕೊಡುವ ಫೀಸು ಅಂದರೆ ಒಂದು ತಲೆ. ತಿಂಗಳ ಬಾಡಿಗೆಯನ್ನು ಆ ಫೀಸಿನಿಂದ ಭಾಗಿಸಿ, ಬಾಡಿಗೆ ಎಷ್ಟು ತಲೆ ಅಂತ ಬರುತ್ತದೆ. ಹಾಗೆಯೇ ಕರೆಂಟು, ವಿಮೆ, ಸ್ವಚ್ಛತೆ, ಸಹಾಯಕರ ಸಂಬಳ, ಸಾಲದ ಕಂತು.

ಒಂದು ಉದಾಹರಣೆ ನೋಡಿ. ಬಾಡಿಗೆ 25 ತಲೆ, ಸಹಾಯಕ ಶಿಕ್ಷಕರಿಗೆ 12 ತಲೆ, ಉಳಿದ ಚಿಲ್ಲರೆ ಖರ್ಚು 8 ತಲೆ ಅಂದುಕೊಳ್ಳಿ. ಒಟ್ಟು 45. ಅಂದರೆ 45ನೇ ವಿದ್ಯಾರ್ಥಿಯವರೆಗೂ ನೀವು ಬರೀ ಖರ್ಚಿಗಾಗಿ ದುಡಿಯುತ್ತಿದ್ದೀರಿ. ನಿಮ್ಮ ಮನೆ ನಡೆಯುವುದಕ್ಕೆ 30 ತಲೆ ಬೇಕಾದರೆ ಗುರಿ 75. ಈ ಸಂಖ್ಯೆ ಗೊತ್ತಿಲ್ಲದೆ ಜಾಗ ನೋಡುವುದಕ್ಕೆ ಹೋಗಬೇಡಿ. ಜಾಗ ನೋಡಿದರೆ ಕನ್ನಡಿ ಎಲ್ಲಿ ಹಾಕೋಣ, ಬೋರ್ಡು ಎಲ್ಲಿ ತೂಗುಹಾಕೋಣ ಅಂತ ಮನಸ್ಸು ಓಡುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ.

ಎರಡನೆಯ ಲೆಕ್ಕ ಬಿಟ್ಟುಹೋಗುವವರದ್ದು. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ತಿಂಗಳಿಗೆ 8 ಜನ ಹೊಸಬರು ಸೇರುತ್ತಾರೆ, ಇರುವವರಲ್ಲಿ ನೂರಕ್ಕೆ 10 ಜನ ಬಿಡುತ್ತಾರೆ ಅನ್ನಿ. ಆಗ ನಿಮ್ಮ ಸ್ಟುಡಿಯೋ 80 ಜನಕ್ಕೆ ನಿಂತುಬಿಡುತ್ತದೆ, ಎಷ್ಟು ವರ್ಷ ಕಾದರೂ ಮೇಲೆ ಹೋಗುವುದಿಲ್ಲ. ಯಾಕೆಂದರೆ 80 ಜನ ಆದಾಗ 8 ಜನ ಹೋಗುತ್ತಾರೆ, 8 ಜನ ಬರುತ್ತಾರೆ. ಬಿಡುವವರು ನೂರಕ್ಕೆ 5 ಆದರೆ ಅದೇ 8 ಹೊಸಬರಿಂದ 160ರವರೆಗೆ ಹೋಗಬಹುದು. ಜಾಹೀರಾತಿಗೆ ಸುರಿಯುವ ದುಡ್ಡಿಗಿಂತ, ಎರಡು ವಾರದಿಂದ ಕಾಣದ ಹುಡುಗನ ಮನೆಗೆ ಒಂದು ಫೋನ್ ಮಾಡುವುದು ಯಾಕೆ ಲಾಭ ಅಂತ ಇದರಿಂದ ಗೊತ್ತಾಗುತ್ತದೆ.

ಗಂಟೆ ಬಾಡಿಗೆಯೋ, ಸ್ವಂತ ಜಾಗವೋ

ಗಂಟೆ ಬಾಡಿಗೆ ಅಂದರೆ ಕೀಳು ಅನ್ನುವ ಭಾವನೆ ಕೆಲವರಲ್ಲಿದೆ. ಆದರೆ ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ತಮ್ಮ ಶಾಲೆ ಕೊಡೊಕಾನ್ ಶುರು ಮಾಡಿದ್ದೇ ಟೋಕಿಯೊದ ಎಯಿಶೋಜಿ ಅನ್ನುವ ಬೌದ್ಧ ದೇವಾಲಯದ ಕೋಣೆಗಳಲ್ಲಿ. ಹನ್ನೆರಡು ತತಾಮಿ ಚಾಪೆಯಷ್ಟು ಜಾಗ, ಒಂಬತ್ತು ವಿದ್ಯಾರ್ಥಿಗಳು. 1964ರಲ್ಲಿ ಒಲಿಂಪಿಕ್ಸ್‌ಗೆ ಹೋದ ಜೂಡೊ ಹುಟ್ಟಿದ್ದು ಅಲ್ಲಿ. ಹುಡುಗರು ಎತ್ತಿ ಹಾಕುವ ರಭಸಕ್ಕೆ ದೇವಾಲಯದ ನೆಲದ ಮರ ಮುರಿಯುತ್ತಿತ್ತು, ಕಾನೊ ರಾತ್ರಿ ದೀಪ ಹಿಡಿದು ನೆಲದಡಿ ನುಗ್ಗಿ ರಿಪೇರಿ ಮಾಡುತ್ತಿದ್ದರು ಅಂತ ಹೇಳುತ್ತಾರೆ. ಬಾಡಿಗೆ ಜಾಗದ ಮಾಲೀಕರ ಮುನಿಸು ಆಗಿನಿಂದಲೂ ಇದ್ದದ್ದೇ.

ಗಂಟೆ ಬಾಡಿಗೆಯ ದೊಡ್ಡ ಲಾಭ: ಕ್ಲಾಸ್ ಇಲ್ಲದ ದಿನ ಖರ್ಚಿಲ್ಲ. ತಿಂಗಳಿಗೆ ಐದಾರು ತಲೆಯಲ್ಲಿ ಬಾಡಿಗೆ ಮುಗಿಯುವಂತೆ ನೋಡಿಕೊಳ್ಳಬಹುದು. ಸರಿಹೋಗಲಿಲ್ಲ ಅಂದರೆ ಮುಂದಿನ ತಿಂಗಳು ನಿಲ್ಲಿಸಿ ಕೈತೊಳೆದುಕೊಳ್ಳಬಹುದು.

ಕಷ್ಟ ಎಲ್ಲಿದೆ ಅಂದರೆ, ಆರು ಗಂಟೆಯ ಕ್ಲಾಸಿಗೆ ಐದೂವರೆಗೇ ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಒಳಗೆ ಹಿಂದಿನ ಡಾನ್ಸ್ ಕ್ಲಾಸಿನ ಮಕ್ಕಳು ಇನ್ನೂ ಬಾಟಲಿ ಹುಡುಕುತ್ತಿರುತ್ತಾರೆ. ಅವರು ಖಾಲಿ ಮಾಡಿದ ಮೇಲೆ ಸ್ಟೋರ್‌ರೂಮಿನಿಂದ ಮ್ಯಾಟ್ ಎಳೆಯಬೇಕು, ಒಂದೊಂದರ ಹಲ್ಲನ್ನೂ ಪಕ್ಕದ್ದಕ್ಕೆ ಸೇರಿಸಿ ಹಿಮ್ಮಡಿಯಿಂದ ತುಳಿದು ಕೂರಿಸಬೇಕು. ಕೊನೆಯ ಸಾಲಿನಲ್ಲಿ ಒಂದು ಮ್ಯಾಟ್ ಹೇಗೂ ಸೇರುವುದಿಲ್ಲ, ಯಾರೋ ತಿರುಗಾಮುರುಗಾ ಹಾಕಿರುತ್ತಾರೆ. ಕ್ಲಾಸ್ ಮುಗಿದ ಮೇಲೆ ಅದನ್ನೆಲ್ಲ ಬಿಚ್ಚಿ, ಒರೆಸಿ, ವಾಪಸ್ ಜೋಡಿಸಬೇಕು. ಒಂದು ಗಂಟೆಯ ಕ್ಲಾಸಿಗೆ ನೀವು ಎರಡು ಗಂಟೆ ಕೊಡುತ್ತೀರಿ. ಮ್ಯಾಟ್ ಹಾಸುವುದನ್ನೇ ವಾರ್ಮಪ್ ಅಂತ ಮಾಡಿ ಎಲ್ಲರ ಕೈಯಲ್ಲೂ ಹಾಸಿಸುವ ಜಾಣರಿದ್ದಾರೆ, ಅದು ನಿಜಕ್ಕೂ ಒಳ್ಳೆಯ ಅಭ್ಯಾಸ. ಪಂಚಿಂಗ್ ಬ್ಯಾಗ್ ತೂಗುಹಾಕುವುದು ಮಾತ್ರ ಇಂಥ ಜಾಗದಲ್ಲಿ ಆಗದ ಮಾತು. ಹಾಗಾಗಿ ಕಿಕ್‌ಬಾಕ್ಸಿಂಗ್, ಮುಯ್ ಥಾಯ್ ಕಲಿಸುವವರಿಗೆ ಈ ದಾರಿ ಪ್ಯಾಡ್ ಹಿಡಿಯುವಷ್ಟಕ್ಕೇ ಮುಗಿಯುತ್ತದೆ.

ನಡುವೆ ಇನ್ನೊಂದು ಏರ್ಪಾಡಿದೆ. ಜಿಮ್‌ನವರ ಜಾಗದಲ್ಲಿ ಕ್ಲಾಸ್ ನಡೆಸಿ ಬಂದ ಫೀಸಿನಲ್ಲಿ ಪಾಲು ಕೊಡುವುದು. ಹತ್ತು ಜನ ಇದ್ದಾಗ ಇದು ಬಹಳ ಒಳ್ಳೆಯದು ಅನ್ನಿಸುತ್ತದೆ. ಐವತ್ತು ಜನ ಆದಾಗ ಅದೇ ಪಾಲು ಹೊರೆ ಅನ್ನಿಸುತ್ತದೆ. ಇಷ್ಟು ಜನ ದಾಟಿದ ಮೇಲೆ ಪಾಲು ಬೇಡ, ನಿಗದಿತ ಬಾಡಿಗೆ ಅಂತ ಮೊದಲೇ ಬರೆಸಿಕೊಳ್ಳಿ. ವಿದ್ಯಾರ್ಥಿಗಳ ಫೋನ್ ನಂಬರು ಮತ್ತು ಫೀಸು ಯಾರ ಕೈಯಲ್ಲಿ ಅನ್ನುವುದೂ ಮುಖ್ಯ. ಅವು ಜಿಮ್‌ನವರ ಹತ್ತಿರ ಇದ್ದರೆ ನೀವು ಬರೀ ಕೂಲಿಗೆ ಕಲಿಸುವ ಮಾಸ್ತರು, ವ್ಯಾಪಾರ ಅವರದ್ದು.

ಸ್ವಂತ ಜಾಗಕ್ಕೆ ಬನ್ನಿ. ಇಲ್ಲಿನ ಕಹಿ ಸತ್ಯ ಏನೆಂದರೆ, ಬಾಡಿಗೆ ಇಪ್ಪತ್ನಾಲ್ಕು ಗಂಟೆಗೆ ಕಟ್ಟುತ್ತೀರಿ, ದುಡಿಯುವುದು ಸಂಜೆಯ ಮೂರು ನಾಲ್ಕು ಗಂಟೆ. ಮಕ್ಕಳು ಶಾಲೆ ಮುಗಿಸಿ ಬರಬೇಕು, ದೊಡ್ಡವರು ಕೆಲಸ ಮುಗಿಸಿ ಬರಬೇಕು. ಬೆಳಗ್ಗೆ ಹನ್ನೊಂದಕ್ಕೆ ಮ್ಯಾಟ್ ಮೇಲೆ ಬಿಸಿಲು ಬಿಟ್ಟರೆ ಯಾರೂ ಇರುವುದಿಲ್ಲ.

ಜಾಗಕ್ಕೆ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದಕ್ಕೂ ಲೆಕ್ಕವಿದೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟ್ ಅಂದರೆ 100 ಚದರ ಮೀಟರ್, ಸುಮಾರು 1,076 ಚದರ ಅಡಿ. ಹಿಡಿದು ಕೆಡವುವ ಕಲೆಯಲ್ಲಿ ಒಂದು ಜೋಡಿಗೆ ಸುಮಾರು 9 ಚದರ ಮೀಟರ್ ಬಿಟ್ಟರೆ 11 ಜೋಡಿ, ಅಂದರೆ 22 ಜನ. ಸಂಜೆಗೆ ಮೂರು ಕ್ಲಾಸ್, ವಾರಕ್ಕೆ ಐದು ಸಂಜೆ, ಒಟ್ಟು 330 ಸೀಟು. ಪ್ರತಿಯೊಬ್ಬರೂ ವಾರಕ್ಕೆ ಎರಡು ಸಲ ಬಂದರೆ 165 ವಿದ್ಯಾರ್ಥಿಗಳು. ಆದರೆ ಎಲ್ಲ ಕ್ಲಾಸೂ ಎಲ್ಲಿ ತುಂಬುತ್ತದೆ ಹೇಳಿ? ಸೋಮವಾರ ತುಂಬಿ ತುಳುಕುತ್ತದೆ, ಶುಕ್ರವಾರ ನಾಲ್ಕು ಜನ ಇರುತ್ತಾರೆ. ನೂರಕ್ಕೆ 60 ತುಂಬುತ್ತದೆ ಅಂದುಕೊಂಡರೆ 99. ಈಗ ಮೇಲಿನ 75ರ ಗುರಿಯನ್ನು ಇದರ ಪಕ್ಕ ಇಡಿ. ದಾಟಬಹುದು, ಆದರೆ ಅಂತರ ಜಾಸ್ತಿ ಇಲ್ಲ. ಇದರ ಅರ್ಧದಷ್ಟು ಜಾಗ ಹಿಡಿದು ಅದೇ 75 ಬೇಕು ಅಂದರೆ ಆಗುವುದಿಲ್ಲ. ಬಾಡಿಗೆ ಕಮ್ಮಿ ಅಂತ ಸಣ್ಣ ಜಾಗ ಹಿಡಿಯುವವರು ಸಿಕ್ಕಿಬೀಳುವುದು ಇಲ್ಲಿಯೇ.

ಜಾಗ ನೋಡುವಾಗ ನಡುವಿನ ಕಂಬ, ಚಾವಣಿಯ ಎತ್ತರ, ಕೆಳಗಿನ ಮಹಡಿಯಲ್ಲಿ ಯಾರಿದ್ದಾರೆ, ಈ ಮೂರನ್ನು ನೋಡಿ. ಕಂಬಕ್ಕೆ ಪ್ಯಾಡ್ ಸುತ್ತಬಹುದು, ಆದರೆ ಅದರ ಸುತ್ತಲಿನ ಜಾಗ ಹೋಯಿತು ಅಂತಲೇ ಲೆಕ್ಕ. ಕೋಲು, ಕತ್ತಿ ಹಿಡಿಯುವ ಕಲೆಗೆ ಚಾವಣಿ ಕಡೇಪಕ್ಷ ಮೂರು ಮೀಟರಿಗಿಂತ ಮೇಲಿರಬೇಕು. ಮೇಲಿನ ಮಹಡಿಯಲ್ಲಿ ಇಪ್ಪತ್ತು ಜನ ಬ್ರೇಕ್‌ಫಾಲ್ (ನೆಲಕ್ಕೆ ಕೈ ಬಡಿದು ಬೀಳುವ ಅಭ್ಯಾಸ) ಹೊಡೆದರೆ ಕೆಳಗಿನ ಆಫೀಸಿನವರು ಒಂದು ವಾರವೂ ಸುಮ್ನೆ ಇರುವುದಿಲ್ಲ. ಬ್ಯಾಗ್ ತೂಗುಹಾಕುವ ತೊಲೆಯನ್ನು ತಿಳಿದವರಿಗೆ ತೋರಿಸಿ. ಬ್ಯಾಗಿನ ತೂಕ 40 ಕಿಲೋ ಇರಬಹುದು, ಒದ್ದಾಗ ಅದು ಜಗ್ಗುವ ಬಲ ಇನ್ನೂ ಜಾಸ್ತಿ.

ಕರಾರಿನಲ್ಲಿ ಬಾಡಿಗೆಗಿಂತ ಬಿಡುವ ಷರತ್ತು ನೋಡಿ. ಐದು ವರ್ಷದ ಕರಾರು, ನಡುವೆ ಬಿಟ್ಟರೆ ಉಳಿದ ಬಾಡಿಗೆಯೆಲ್ಲ ನೀವೇ ಕಟ್ಟಬೇಕು ಅಂತ ಇದ್ದರೆ, ಬಾಡಿಗೆ ಎಷ್ಟೇ ಕಮ್ಮಿ ಇರಲಿ ಅದು ದುಬಾರಿ ಜಾಗ. ಒಂದು ವರ್ಷಕ್ಕೆ ಬಿಡಬಹುದು ಅನ್ನುವ ಷರತ್ತು ಸಿಕ್ಕರೆ ನಾಲ್ಕು ತಲೆ ಜಾಸ್ತಿ ಬಾಡಿಗೆ ಕೊಟ್ಟರೂ ತಪ್ಪಿಲ್ಲ.

ಫ್ರಾಂಚೈಸಿ, ಸಂಘ, ಇಲ್ಲಾ ಸ್ವತಂತ್ರ

ಇಲ್ಲಿ ಎರಡನ್ನು ಒಂದೇ ಅಂದುಕೊಳ್ಳುವವರಿದ್ದಾರೆ. ಸಂಘದ ಮಾನ್ಯತೆ ಬೇರೆ, ಫ್ರಾಂಚೈಸಿ ಬೇರೆ. ಸಂಘ ಅಂದರೆ ನೀವು ಕೊಡುವ ಬೆಲ್ಟಿಗೆ ಬೆಲೆ ತಂದುಕೊಡುವುದು. ಟೇಕ್ವಾಂಡೊದಲ್ಲಿ ಸಿಯೋಲ್‌ನಲ್ಲಿರುವ ಕುಕ್ಕಿವಾನ್ ಅನ್ನುವ ಕೇಂದ್ರ ಸಂಸ್ಥೆ ಡಾನ್ (ಕಪ್ಪು ಬೆಲ್ಟಿನ ದರ್ಜೆ) ಸರ್ಟಿಫಿಕೇಟ್ ಕೊಡುತ್ತದೆ, 1972ರಿಂದ ಇದೆ. ಅದರ ಕಾಗದ ಇದ್ದರೆ ವಿದ್ಯಾರ್ಥಿ ಬೇರೆ ದೇಶಕ್ಕೆ ಹೋದರೂ ಅಲ್ಲಿನ ಡೋಜಾಂಗ್‌ನವರು (ಟೇಕ್ವಾಂಡೊ ಶಾಲೆಯವರು) ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಥ ಸಂಘಕ್ಕೆ ಕಟ್ಟುವ ದುಡ್ಡು ಒಂದೆರಡು ತಲೆಯಷ್ಟೇ. ಕಣ್ಣುಮುಚ್ಚಿ ಕಟ್ಟಿ.

ಫ್ರಾಂಚೈಸಿ ವ್ಯಾಪಾರದ ಮಾತು. ಹೆಸರು, ಪಠ್ಯಕ್ರಮ, ಯೂನಿಫಾರ್ಮ್, ಸಾಫ್ಟ್‌ವೇರ್, ಜಾಹೀರಾತು ಎಲ್ಲ ಅವರು ಕೊಡುತ್ತಾರೆ, ಬದಲಿಗೆ ಶುರುವಿನಲ್ಲಿ ಒಂದು ಮೊತ್ತ, ಆಮೇಲೆ ಪ್ರತಿ ತಿಂಗಳು ರಾಯಲ್ಟಿ. ಗಮನಿಸಬೇಕಾದ್ದು ಏನೆಂದರೆ ರಾಯಲ್ಟಿ ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ವಸೂಲಿಯ ಮೇಲೆ. ನೂರು ತಲೆ ವಸೂಲಾಯಿತು, ಖರ್ಚು ಎಪ್ಪತ್ತು ತಲೆ, ಉಳಿದದ್ದು ಮೂವತ್ತು ಅನ್ನಿ. ರಾಯಲ್ಟಿ ನೂರಕ್ಕೆ 8 ಅಂದರೆ ಕೇಳುವುದಕ್ಕೆ ಚಿಕ್ಕದು. ಆದರೆ ಆ ಎಂಟು ತಲೆ ಹೋಗುವುದು ನಿಮ್ಮ ಮೂವತ್ತರಿಂದ. ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ವಸೂಲಿ ಎಪ್ಪತ್ತಕ್ಕೆ ಇಳಿದ ತಿಂಗಳೂ ರಾಯಲ್ಟಿ ಕಟ್ಟಲೇಬೇಕು.

ಹಾಗಂತ ಫ್ರಾಂಚೈಸಿ ಕೆಟ್ಟದ್ದು ಅಂತಲ್ಲ. ಮೊದಲ ಆರು ತಿಂಗಳಲ್ಲಿ ಟ್ರಯಲ್ ಕ್ಲಾಸಿಗೆ ಬಂದವರನ್ನು ಸೇರಿಸಿಕೊಳ್ಳುವುದು ಹೇಗೆ, ಫೋನಿನಲ್ಲಿ ಏನು ಮಾತಾಡಬೇಕು, ಇದನ್ನೆಲ್ಲ ಹೇಳಿಕೊಡುವವರು ಬೇಕೆನ್ನಿಸಿದರೆ ಅದಕ್ಕೆ ಬೆಲೆಯಿದೆ. ಸಹಿ ಹಾಕುವ ಮುನ್ನ ಅದೇ ಬ್ರಾಂಡಿನ ಬೇರೆ ಮಾಲೀಕರ ಹತ್ತಿರ ಮಾತಾಡಿ. ಕಂಪನಿಯವರು ಕೊಡುವ ಪಟ್ಟಿಯಲ್ಲಿರುವವರ ಜತೆ ಅಲ್ಲ, ಬಿಟ್ಟುಹೋದವರನ್ನು ಹುಡುಕಿ ಮಾತಾಡಿ. ಜತೆಗೆ, ಹೊರಬಂದ ಮೇಲೆ ಅದೇ ಊರಿನಲ್ಲಿ ನೀವು ಕಲಿಸುವ ಹಾಗಿಲ್ಲ ಅನ್ನುವ ಷರತ್ತು ಇದೆಯಾ ನೋಡಿ. ಕಲಿಸುವುದೇ ಜೀವನ ಆದವರಿಗೆ ಆ ಒಂದು ಸಾಲು ಕುತ್ತಿಗೆಗೆ ಉರುಳು.

ನಡೆಯುತ್ತಿರುವುದನ್ನು ಕೊಳ್ಳುವುದು

ಮೊದಲ ದಿನದಿಂದಲೇ ಅರವತ್ತು ಜನ ಫೀಸು ಕಟ್ಟುವವರು, ಮ್ಯಾಟ್, ಕನ್ನಡಿ ಎಲ್ಲ ಸಿದ್ಧ. ಯಾರಿಗೆ ಬೇಡ ಹೇಳಿ? ಆದರೆ ನೀವು ಏನನ್ನು ಕೊಳ್ಳುತ್ತಿದ್ದೀರಿ ಅಂತ ಸ್ವಲ್ಪ ಯೋಚಿಸಿ. ಆ ಅರವತ್ತು ಜನ ಬರುತ್ತಿರುವುದು ಹಳೆಯ ಗುರುಗಳಿಗಾಗಿ. ಅವರು ಹೋದರೆ ಒಂದಷ್ಟು ಜನ ಹೋಗಿಯೇ ಹೋಗುತ್ತಾರೆ. ಅವರು ಹತ್ತಿರದಲ್ಲೇ ಇನ್ನೊಂದು ಕ್ಲಾಸ್ ತೆರೆದರಂತೂ ಅರ್ಧ ಸ್ಟುಡಿಯೋ ಅವರ ಹಿಂದೆಯೇ. ಅದಕ್ಕೆ ಇಷ್ಟು ವರ್ಷ, ಇಷ್ಟು ದೂರದೊಳಗೆ ಕಲಿಸುವ ಹಾಗಿಲ್ಲ ಅನ್ನುವ ಒಪ್ಪಂದ ಬೇಕೇಬೇಕು. ಅದಕ್ಕಿಂತ ಒಳ್ಳೆಯದು, ಕೊಂಡ ಮೇಲೂ ಆರು ತಿಂಗಳು ಅವರೇ ವಾರಕ್ಕೆ ಎರಡು ಕ್ಲಾಸ್ ತೆಗೆದುಕೊಳ್ಳಲಿ, ಹಣದ ಒಂದು ಭಾಗ ಆರು ತಿಂಗಳ ಕೊನೆಗೆ ಉಳಿದ ವಿದ್ಯಾರ್ಥಿಗಳ ಲೆಕ್ಕದ ಮೇಲೆ ಸಿಗಲಿ. ಇದಕ್ಕೆ ಒಪ್ಪದ ಮಾಲೀಕರು ತಮ್ಮ ವಿದ್ಯಾರ್ಥಿಗಳ ಮೇಲೆ ತಾವೇ ಭರವಸೆ ಇಟ್ಟಿಲ್ಲ ಅಂತ ಅರ್ಥ.

ಇನ್ನೊಂದು ಗುಂಡಿ ಮುಂಗಡ ಫೀಸು. ಇಪ್ಪತ್ತು ಜನ ವರ್ಷದ ಫೀಸನ್ನು ಒಟ್ಟಿಗೆ ಕಟ್ಟಿರುತ್ತಾರೆ, ಆ ದುಡ್ಡನ್ನು ಹಳೆಯ ಮಾಲೀಕರು ತೆಗೆದುಕೊಂಡು ಖರ್ಚೂ ಮಾಡಿರುತ್ತಾರೆ. ನೀವು ಕೊಂಡ ಮೇಲೆ ಆ ಇಪ್ಪತ್ತು ಜನಕ್ಕೆ ಹತ್ತು ತಿಂಗಳು ಪುಕ್ಕಟೆ ಕಲಿಸಬೇಕು. ಪಟ್ಟಿಯಲ್ಲಿ ಅವರು ಅರವತ್ತರಲ್ಲಿ ಸೇರಿರುತ್ತಾರೆ, ನಿಮ್ಮ ತಲೆ ಲೆಕ್ಕದಲ್ಲಿ ಮಾತ್ರ ಸೊನ್ನೆ. ಆದ್ದರಿಂದ ವಿದ್ಯಾರ್ಥಿಗಳ ಪಟ್ಟಿ ಬೇಡ, ಬ್ಯಾಂಕಿಗೆ ತಿಂಗಳು ತಿಂಗಳು ಬಂದ ಹಣದ ವಿವರ ಕೇಳಿ, ಹನ್ನೆರಡು ತಿಂಗಳದ್ದು. ಮತ್ತೆ ಹೇಳದೆ ಕೇಳದೆ ಒಂದು ಬುಧವಾರ ಹೋಗಿ ಕ್ಲಾಸ್ ನೋಡಿ. ಹೊಸ ಬಿಳಿ ಬೆಲ್ಟುಗಳು ಎಷ್ಟಿವೆ? ಎಲ್ಲರೂ ಹಳಬರೇ ಆಗಿದ್ದರೆ ಆ ಸ್ಟುಡಿಯೋಗೆ ಹೊಸಬರು ಬರುವುದು ನಿಂತು ಬಹಳ ದಿನವಾಗಿದೆ.

ಮಕ್ಕಳೋ, ದೊಡ್ಡವರೋ

ಮಕ್ಕಳಿಂದಲೇ ಬಾಡಿಗೆ ಹುಟ್ಟುತ್ತದೆ ಅನ್ನುವುದು ಬಹಳ ಸ್ಟುಡಿಯೋಗಳ ಅನುಭವ. ಒಂದು ಮನೆಯಿಂದ ಇಬ್ಬರು ಬರುತ್ತಾರೆ, ಹಾಜರಿ ಚೆನ್ನಾಗಿರುತ್ತದೆ, ಯಾಕೆಂದರೆ ಕರೆತರುವವರು ಅಪ್ಪ ಅಮ್ಮ. ಬದಲಿಗೆ ಶಾಲೆಯ ಪರೀಕ್ಷೆ ಬಂತು ಅಂದರೆ ಒಟ್ಟಿಗೇ ಮಾಯ. ಪೋಷಕರು ಕೂರುವುದಕ್ಕೆ ಜಾಗ ಬೇಕು, ಶೌಚಾಲಯ ಸ್ವಚ್ಛವಿರಬೇಕು. ಕಲಿಸುವವರೆಲ್ಲರ ಹಿನ್ನೆಲೆ ಪರಿಶೀಲನೆ ಆಗಬೇಕು, ಒಬ್ಬ ದೊಡ್ಡವರು ಒಂದು ಮಗುವಿನ ಜತೆ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭವೇ ಬರಬಾರದು. ಪೋಷಕರು ಯಾವಾಗ ಬೇಕಾದರೂ ನಿಂತು ನೋಡುವಂತಿರಲಿ. ಇದರಲ್ಲಿ ರಾಜಿ ಇಲ್ಲ.

ದೊಡ್ಡವರು ಹೆಚ್ಚು ಫೀಸು ಕೊಡುತ್ತಾರೆ, ಕಮ್ಮಿ ರಗಳೆ. ಆದರೆ ಒಂದು ಗಾಯವಾದರೆ ಮೂರು ತಿಂಗಳು ಕಾಣುವುದಿಲ್ಲ. ಮೊದಲ ತಿಂಗಳಲ್ಲೇ ಜೋರು ಸ್ಪಾರಿಂಗ್‌ಗೆ (ಎದುರಾಳಿ ಜತೆಗಿನ ಅಭ್ಯಾಸದ ಕಾದಾಟಕ್ಕೆ) ಇಳಿಸಿದರೆ ಬರುವುದನ್ನೇ ಬಿಡುತ್ತಾರೆ.

ಕಲೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ಟೇಕ್ವಾಂಡೊದಲ್ಲಿ ಕಪ್ಪು ಬೆಲ್ಟಿಗೆ ಮೊದಲು ಹತ್ತು ಮೆಟ್ಟಿಲು, ಮಕ್ಕಳಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಬಣ್ಣ, ಪರೀಕ್ಷೆಯ ಫೀಸು ಸ್ಟುಡಿಯೋಗೆ. 2000ದಿಂದ ಒಲಿಂಪಿಕ್ ಪದಕದ ಕ್ರೀಡೆ ಅನ್ನುವುದೂ ಪೋಷಕರನ್ನು ಸೆಳೆಯುತ್ತದೆ. ಕರಾಟೆ ಟೋಕಿಯೊ 2020ರಲ್ಲಿ ಇತ್ತು, ಪ್ಯಾರಿಸ್ 2024ರಲ್ಲಿ ಇರಲಿಲ್ಲ, ಹಾಗಾಗಿ ಒಲಿಂಪಿಕ್ಸ್ ಹೆಸರಿನಲ್ಲಿ ಕರಾಟೆ ಮಾರಬೇಡಿ. ಬ್ರೆಜಿಲಿಯನ್ ಜಿಯು ಜಿತ್ಸುವಿನಲ್ಲಿ ನೀಲಿ ಬೆಲ್ಟಿಗೇ 16 ವರ್ಷ ಆಗಬೇಕು, ಕಪ್ಪು ಬೆಲ್ಟಿಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಅಲ್ಲಿ ಪರೀಕ್ಷೆ ಫೀಸಿನ ಮೇಲೆ ವ್ಯಾಪಾರ ಕಟ್ಟುವುದಕ್ಕೆ ಆಗುವುದಿಲ್ಲ. ಪರೀಕ್ಷೆ ಫೀಸು ಸಿಗುವ ಕಲೆಗಳಲ್ಲೂ ಅದನ್ನು ಬಾಡಿಗೆ ಕಟ್ಟುವ ಲೆಕ್ಕಕ್ಕೆ ಸೇರಿಸಬೇಡಿ. ಸೇರಿಸಿದ ದಿನ ಯಾರನ್ನೂ ಫೇಲ್ ಮಾಡುವುದಕ್ಕೆ ಕೈ ಬರುವುದಿಲ್ಲ, ಒದೆಯುವುದಕ್ಕೇ ಬಾರದ ಕಪ್ಪು ಬೆಲ್ಟುಗಳು ಹುಟ್ಟುತ್ತವೆ. ಇಂಥ ಜಾಗಗಳಿಗೆ ಮ್ಯಾಕ್‌ಡೋಜೋ ಅನ್ನುವ ಅಡ್ಡಹೆಸರು ಜಗತ್ತಿನ ಹಲವು ಕಡೆ ಇದೆ.

ಫೀಸು, ನೆಲ, ಇತ್ಯಾದಿ

ಫೀಸಿನಲ್ಲಿ ತಿಂಗಳಿಗೊಮ್ಮೆ ತಾನೇ ಕಡಿತವಾಗುವ ವ್ಯವಸ್ಥೆ ಎಲ್ಲಕ್ಕಿಂತ ಮೇಲು. ಹತ್ತು ಕ್ಲಾಸಿನ ಪ್ಯಾಕ್ ಕೊಟ್ಟರೆ ಜನ ಖುಷಿಯಾಗಿ ಕೊಳ್ಳುತ್ತಾರೆ, ಆದರೆ ಬರದೇ ಇರುವುದಕ್ಕೆ ಅದೇ ನೆಪ, ಕ್ಲಾಸ್ ಇನ್ನೂ ಬಾಕಿ ಇದೆಯಲ್ಲಾ ಅಂತ. ವರ್ಷದ ಫೀಸು ಒಟ್ಟಿಗೆ ತೆಗೆದುಕೊಂಡರೆ ಕೈತುಂಬ ದುಡ್ಡು ಬಂದ ಹಾಗೆ ಕಾಣುತ್ತದೆ, ನಿಜವಾಗಿ ಅದು ನೀವು ತೀರಿಸಬೇಕಾದ ಸಾಲ. ತೆಗೆದುಕೊಂಡರೂ ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ ಹನ್ನೆರಡರಲ್ಲೊಂದು ಭಾಗ ಮಾತ್ರ ಮುಟ್ಟಿ. ಗಾಯ, ಪರೀಕ್ಷೆ, ಪ್ರಯಾಣ ಅಂದವರಿಗೆ ಒಂದೆರಡು ತಿಂಗಳು ಫೀಸು ತಡೆಹಿಡಿಯುವ ಅವಕಾಶ ಕೊಡಿ. ಪೂರ್ತಿ ಬಿಡುವವರಲ್ಲಿ ಒಂದಷ್ಟು ಜನ ಇದರಿಂದ ಉಳಿಯುತ್ತಾರೆ.

ಮ್ಯಾಟಿನ ವಿಷಯ ಬೇಗ ಮುಗಿಸುತ್ತೇನೆ. ಒದೆ, ಗುದ್ದಿನ ಕಲೆಗೆ 20ರಿಂದ 25 ಮಿಲಿಮೀಟರ್ ದಪ್ಪದ ಹಲ್ಲುಹಲ್ಲಿನ ಮ್ಯಾಟ್ ಸಾಕು. ಎತ್ತಿ ಹಾಕುವ ಕಲೆಗೆ 40 ಮಿಲಿಮೀಟರ್ ಬೇಕು, ಸ್ವಂತ ಜಾಗ ಇದ್ದರೆ 1 ಗುಣಿಸು 2 ಮೀಟರಿನ ಜೂಡೊ ತತಾಮಿಯೇ ವಾಸಿ. ತುಂಬ ಮೆತ್ತಗಿನದನ್ನು ಹಾಕಬೇಡಿ, ಕಾಲು ಹುಗಿದು ಮಂಡಿ ತಿರುಚುತ್ತದೆ. ಎಂಥದೇ ಮ್ಯಾಟ್ ಇರಲಿ ದಿನಾ ಸೋಂಕುನಾಶಕದಿಂದ ಒರೆಸಲೇಬೇಕು. ಹಿಡಿದು ಕೆಡವುವ ಕಲೆಗಳಲ್ಲಿ ಹುಳುಕಡ್ಡಿ, ಸ್ಟಾಫ್ (ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ) ಚರ್ಮದ ಸೋಂಕು ಒಬ್ಬರಿಂದ ಇಡೀ ಕ್ಲಾಸಿಗೆ ಹರಡುತ್ತವೆ. ಅಂಥ ಒಂದು ತಿಂಗಳಲ್ಲಿ ಬಿಟ್ಟುಹೋದವರನ್ನು ಮತ್ತೆ ಸೇರಿಸುವುದು ಕಷ್ಟ.

ವಿಮೆ ಎಲ್ಲ ದಾರಿಗೂ ಬೇಕು, ಗಂಟೆ ಬಾಡಿಗೆಯವರಿಗೂ ಸೇರಿ. ಹಾಲ್‌ನವರ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ, ನಿಮ್ಮ ವಿದ್ಯಾರ್ಥಿಯ ಮುರಿದ ಕೈಗಲ್ಲ. ಸ್ಪಾರಿಂಗ್, ಥ್ರೋ, ಆಯುಧ ನಿಮ್ಮ ವಿಮೆಯಲ್ಲಿ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಪೋಷಕರು ಸಹಿ ಹಾಕಿದ ಒಪ್ಪಿಗೆ ಪತ್ರವೊಂದೇ ಎಲ್ಲ ಕಡೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಕೊನೆಗೆ ಸಹಾಯಕ ಶಿಕ್ಷಕರು. ಹಿರಿಯ ವಿದ್ಯಾರ್ಥಿಗಳನ್ನೇ ಪುಕ್ಕಟೆ ದುಡಿಸಿಕೊಳ್ಳುವುದು ಈ ಲೋಕದ ಹಳೆಯ ಚಾಳಿ. ಎರಡು ವರ್ಷ ಮಕ್ಕಳ ಕ್ಲಾಸ್ ಪೂರ್ತಿ ತಾನೇ ನಡೆಸಿ, ಫೀಸು ವಿನಾಯಿತಿ ಬಿಟ್ಟು ಬೇರೇನೂ ಸಿಗದವನು ಮೂರನೇ ವರ್ಷ ಹತ್ತಿರದ ಹಾಲ್ ಒಂದರಲ್ಲಿ ಗಂಟೆ ಬಾಡಿಗೆಗೆ ಕ್ಲಾಸ್ ಶುರು ಮಾಡುತ್ತಾನೆ, ಮಕ್ಕಳೂ ಅವನ ಜತೆ ಹೋಗುತ್ತಾರೆ. ಅವನದ್ದೇನು ತಪ್ಪು, ಅಲ್ವಾ? ಕ್ಲಾಸ್ ಲೆಕ್ಕದಲ್ಲಿ ಸಂಬಳ ಕೊಡಿ, ಅವನ ಕ್ಲಾಸ್ ಹದಿನೈದು ಜನ ದಾಟಿದ ಮೇಲೆ ಪ್ರತಿ ಹೊಸ ತಲೆಗೆ ಇಷ್ಟು ಅಂತ ಪಾಲು ಕೊಡಿ. ಅದನ್ನು ಮೊದಲ ತಿಂಗಳೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.